ನೆಲ ಮುಟ್ಟಬಾರದ ಬೂಟು

ಹೊರಗೆ ಹಾಕಿಕೊಳ್ಳಬಾರದ ಬೂಟನ್ನು, ಬೂಟು ಒಳಗೆ ತರಬಾರದ ಮನೆಯಲ್ಲಿ ಇಟ್ಟುಕೊಂಡವನ ಪಾಡು ಎಂಥದೆಂದು ವಿಜಯಪುರ ನಗರದಲ್ಲಿ ಒಬ್ಬನಿಗೆ ಮಾತ್ರ ಗೊತ್ತು. ಅವನು ಭೂಮಾಪನ ಇಲಾಖೆಯ ಸರ್ವೇಯರ್ ಸಿದ್ದರಾಮ. ಬಬಲೇಶ್ವರದಿಂದ ತಿಕೋಟಾದವರೆಗೆ ಅಣ್ಣತಮ್ಮಂದಿರ ಬದುವಿನ ಜಗಳಗಳನ್ನು ಅಳತೆಪಟ್ಟಿ ಹಿಡಿದು ಬಗೆಹರಿಸಿದ ಈ ಮಹಾನುಭಾವ, ತನ್ನ ಒಂದು ಜೊತೆ ಬೂಟು ಯಾವ ಸರಹದ್ದಿಗೆ ಸೇರಿದ್ದೆಂಬುದನ್ನು ಮಾತ್ರ ನಾಲ್ಕು ತಿಂಗಳಾದರೂ ಇತ್ಯರ್ಥ ಮಾಡಲಾರದೆ ಹೋಗಿದ್ದ.

ಎಲ್ಲಕ್ಕೂ ಮೂಲ ಶೇಂಗಾ ಹೋಳಿಗೆ. ಸಿದ್ದರಾಮನ ರಕ್ತ ಪರೀಕ್ಷಿಸಿದ ವೈದ್ಯರು ವರದಿಯನ್ನು ಎರಡು ಸಲ ಓದಿ, ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿ, ಸಿಹಿ ಬಿಡಬೇಕು, ದೇಹಕ್ಕೆ ಚಲನೆ ಕೊಡಬೇಕು ಎಂದು ತೀರ್ಪಿತ್ತರು. ತಾನು ದಿನವಿಡೀ ಹೊಲಗದ್ದೆಗಳಲ್ಲಿ ಅಲೆಯುವವನೆಂದು ಸಿದ್ದರಾಮ ವಾದಿಸಿದ. ಪಕ್ಕದಲ್ಲಿ ಕುಳಿತಿದ್ದ ಹೆಂಡತಿ ವಿಜಯಲಕ್ಷ್ಮೀ ಹೈಸ್ಕೂಲಿನಲ್ಲಿ ಗಣಿತ ಕಲಿಸುವಾಕೆ. ಆ ಅಲೆದಾಟದಲ್ಲಿ ಕಾಲಿನ ಪಾಲು ಎಷ್ಟು, ಜೀಪಿನ ಪಾಲು ಎಷ್ಟು ಎಂದು ಕೇಳಿದಳು. ವಾದ ಅಲ್ಲಿಗೇ ಮುಗಿಯಿತು. (ಗಣಿತದವರನ್ನು ಮದುವೆಯಾದವರಿಗೆ ಸುತ್ತುಬಳಸಿನ ಉತ್ತರ ಕೊಡುವ ಸುಖವಿಲ್ಲ.)

ಒಬ್ಬನೇ ವಾಯುವಿಹಾರಕ್ಕೆ ಹೋದರೆ ಗಂಡ ಯಾವ ಬೇಕರಿಯ ಮುಂದೆ ವಿಹರಿಸುತ್ತಾನೆಂಬುದನ್ನು ಬಲ್ಲ ವಿಜಯಲಕ್ಷ್ಮೀ, ತಪ್ಪಿಸಿಕೊಳ್ಳಲಾಗದ ವ್ಯಾಯಾಮವೊಂದನ್ನು ಹುಡುಕಿದಳು. ಸೊಲ್ಲಾಪುರ ರಸ್ತೆಯಲ್ಲಿ ಟೈಲ್ಸ್ ಅಂಗಡಿಯ ಮೇಲಿನ ಅಂತಸ್ತಿನಲ್ಲಿ, ಪುಣೆಯಲ್ಲಿ ಕಲಿತು ಬಂದ ಸುರೈಯಾ ಎಂಬ ತರುಣಿ ಬಾಲ್‌ರೂಮ್ ನೃತ್ಯದ ತರಗತಿ ತೆರೆದಿದ್ದಳು. ವಾಲ್ಟ್ಜ್ ಎಂಬ ಆ ನೃತ್ಯದಲ್ಲಿ ಗಂಡ ಹೆಂಡತಿ ಕೈ ಹಿಡಿದುಕೊಂಡೇ ತಿರುಗಬೇಕು. ಒಬ್ಬರು ಜಾರಿಕೊಂಡರೆ ಇನ್ನೊಬ್ಬರಿಗೆ ತತ್‌ಕ್ಷಣ ತಿಳಿಯುತ್ತದೆ. ವಿಜಯಲಕ್ಷ್ಮೀ ಅಂದೇ ಇಬ್ಬರ ಹೆಸರನ್ನೂ ಬರೆಸಿದಳು.

ಸಿದ್ದರಾಮನ ಕಡೆಯ ಆಸೆ ಅವ್ವ ಗುರುಬಸವ್ವನ ಮೇಲಿತ್ತು. ಎಪ್ಪತ್ತು ದಾಟಿದ ಜೈನಾಪುರದ ಹಿರಿಜೀವ ಇಂಥ ಕುಣಿತವನ್ನು ಖಂಡಿಸದೆ ಇರಲಾರದು ಎಂದು ಅವನು ಲೆಕ್ಕ ಹಾಕಿದ್ದ. ಗುರುಬಸವ್ವ ಸೊಪ್ಪು ಸೋಸುತ್ತ ಎಲ್ಲವನ್ನೂ ಕೇಳಿಸಿಕೊಂಡು, “ಗಂಡ ಹೆಂಡ್ತಿ ಕುಣೀತೀರಿ, ಕುಣೀರಿ. ಕಾಲ್ಮರಿ ಮಾತ್ರ ಹೊಸ್ತಿಲ ದಾಟಿ ಒಳಗ ಬರಬಾರದು,” ಎಂದಳು. ಅವಳ ಆಡಳಿತದಲ್ಲಿ ಈ ಒಂದು ಕಾನೂನಿಗೆ ತಿದ್ದುಪಡಿ ಇರಲಿಲ್ಲ.

ಅಷ್ಟರಲ್ಲಿ ಪುಣೆಯಿಂದ ಬೂಟು ಬಂದವು. ಕರಿಯ ಮೈ, ರೇಷ್ಮೆಯ ಲಾಡಿ, ತಳಕ್ಕೆ ಸ್ವೇಡ್ ಎಂಬ ಮಖಮಲ್ಲಿನಂಥ ನವಿರು ತೊಗಲು. ಜೊತೆಗೊಂದು ಸೂಚನಾಪತ್ರ: ಇವನ್ನು ಮನೆಯ ಹೊರಗೆ ಹಾಕಬಾರದು, ಧೂಳು ತಾಗಿಸಬಾರದು, ಒರಟು ನೆಲದ ಮೇಲೆ ಹೆಜ್ಜೆ ಇಡಬಾರದು. ಸಿದ್ದರಾಮ ಪತ್ರವನ್ನು ಅವ್ವನಿಗೆ ಓದಿ ಹೇಳಿ, ಹೊರಗಿನ ನೆಲವನ್ನೇ ಮುಟ್ಟದ ಪಾದರಕ್ಷೆಗೆ ಮೈಲಿಗೆ ಎಲ್ಲಿಂದ ಬರುತ್ತದೆಂದು ಪ್ರಶ್ನಿಸಿದ. ತರ್ಕ ಶುದ್ಧವಾಗಿತ್ತು. ಗುರುಬಸವ್ವ ಕಾಲ್ಮರಿ ಕಾಲ್ಮರಿಯೇ ಎಂದು ಹೇಳಿ ಮೆಣಸಿನಕಾಯಿ ಒಣಹಾಕಲು ಮಾಳಿಗೆಗೆ ಹೋದಳು.

ಮಾಳಿಗೆ! ಅದು ಮನೆಯ ಒಳಗೂ ಅಲ್ಲ, ಹೊರಗೂ ಅಲ್ಲ. ಹೊರಗಿನ ಮೆಟ್ಟಿಲಿನಿಂದ ಹತ್ತಿದರೆ ಹೊಸ್ತಿಲ ಪ್ರಶ್ನೆಯೇ ಏಳುವುದಿಲ್ಲ. ಸಿದ್ದರಾಮ ಆ ಸಂಜೆಯೇ ಬೂಟನ್ನು ಚೀಲದಲ್ಲಿ ಹೊತ್ತು ಮೇಲೆ ಹೋಗಿ, ಅಳತೆಪಟ್ಟಿ ಬಿಚ್ಚಿ, ವಾಲ್ಟ್ಜಿನ ಚೌಕವನ್ನು ಸುಣ್ಣದ ಗೆರೆಯಲ್ಲಿ ಇಲಾಖೆಯ ಪದ್ಧತಿಯಂತೆಯೇ ಗುರುತಿಸಿದ. ಒಣಮೆಣಸಿನಕಾಯಿಯ ರಾಶಿಯನ್ನು ಬಳಸಿಕೊಂಡು ಒಂದು-ಎರಡು-ಮೂರು ಎಂದು ಎಣಿಸುತ್ತ ಗಂಡ ಹೆಂಡತಿ ದಿನವೂ ತಿರುಗಿದರು. ಪಕ್ಕದ ಮನೆಯ ಮಹಾದೇವನಂತೂ ಸರ್ವೇಯರು ಹಿಂದೆ ಮುಂದೆ ಹೆಜ್ಜೆ ಹಾಕಿ ಅಳೆಯುವುದನ್ನು ಗೋಡೆಯ ಸಂದಿಯಿಂದ ನೋಡಿ ನೋಡಿ ಕಂಗೆಟ್ಟು, ತನ್ನ ಕಾಂಪೌಂಡು ಅರ್ಧ ಅಡಿ ಇವರ ಜಾಗದೊಳಗೆ ಬಂದಿದ್ದರೆ ಮಾತಾಡಿ ಮುಗಿಸಿಕೊಳ್ಳೋಣವೆಂದು ಒಂದು ದಿನ ಪೇರಲ ಹಣ್ಣಿನ ಬುಟ್ಟಿಯೊಂದಿಗೆ ಬಂದೇಬಿಟ್ಟ.

ಆದರೆ ಮಾಳಿಗೆಯ ಸಿಮೆಂಟಿಗೆ ಸೂಚನಾಪತ್ರದ ಪರಿಚಯವಿರಲಿಲ್ಲ. ಅದು ಆ ಸುಕುಮಾರ ತೊಗಲನ್ನು ಕೊಬ್ಬರಿ ಹೆರೆದಂತೆ ಹೆರೆಯಿತು. ನಾಲ್ಕು ತಿಂಗಳಿಗೆ ಎಡಬೂಟಿನ ತಳದಲ್ಲಿ ಒಂದು ರಂಧ್ರ ಬಿದ್ದು ಒಳಗಿನ ಕಾಲುಚೀಲ ಇಣುಕಿತು; ಬಲಗಾಲಿನದು ಪಾಪಡದಷ್ಟು ತೆಳ್ಳಗಾಯಿತು.

ಸತ್ಯ ಹೇಳಬೇಕೆಂದರೆ ಈ ಸವೆತ ಸಿದ್ದರಾಮನಿಗೆ ಒಂದು ವರವಾಗಿತ್ತು. ತರಗತಿಯಲ್ಲಿ ಗಂಡ ಹೆಂಡತಿಯ ನಡುವೆ ಮೊದಲ ದಿನದಿಂದ ಒಂದು ವ್ಯಾಜ್ಯ ನಡೆದಿತ್ತು. ಅವನು ತಾಳಕ್ಕೆ ತಡವಾಗಿ ಬರುತ್ತಾನೆಂದು ಅವಳ ಆರೋಪ. ಅವಳೇ ಅವಸರದಿಂದ ಮುಂದೋಡುತ್ತಾಳೆಂದು ಅವನ ಪ್ರತ್ಯಾರೋಪ. ಹದಿನೈದು ವರ್ಷ ಭೂಮಿಯನ್ನೇ ಅಳೆದವನಿಗೆ ಅರ್ಧ ಮಾತ್ರೆಯ ಅಳತೆ ತಪ್ಪುತ್ತದೆಯೆ ಎಂದು ಅವನು ಕೇಳುತ್ತಿದ್ದ. ಕಾಲು ತುಳಿದದ್ದು ತೀರ ಎದ್ದು ಕಂಡಾಗ ಮಾತ್ರ ಗಂಭೀರವಾಗಿ ಬಗ್ಗಿ, ತಳವನ್ನು ತಿರುಗಿಸಿ ತೋರಿಸಿ, ಬೂಟು ಸವೆದಿವೆ ಎನ್ನುತ್ತಿದ್ದ. ಸುರೈಯಾ ಸೌಜನ್ಯದಿಂದ ತಲೆಯಾಡಿಸುತ್ತಿದ್ದಳು.

ಸೌಜನ್ಯಕ್ಕೂ ಒಂದು ಮಿತಿಯಿರುತ್ತದೆ. ತರಗತಿಯ ಮೊದಲ ಸಾರ್ವಜನಿಕ ಪ್ರದರ್ಶನ ಮುಂದಿನ ಐತವಾರ ಎಂದು ಗೊತ್ತಾಯಿತು. ಅದೇ ವಾರ ದಂತವೈದ್ಯ ಸತೀಶಕುಮಾರನ ಹೆಂಡತಿಯ ಕಾಲು ಉಳುಕಿ, ಸತೀಶಕುಮಾರ ಜೊತೆಯಿಲ್ಲದವನಾದ. ಇವನು ಏಳನೆಯ ಇಯತ್ತೆಯಿಂದಲೂ ಸಿದ್ದರಾಮನ ಮುಂದಿನ ಬೆಂಚಿನಲ್ಲೇ ಕುಳಿತು, ಅವನಿಗಿಂತ ಎರಡೇ ಅಂಕ ಹೆಚ್ಚು ಪಡೆಯುತ್ತ ಬಂದವನು. ಈಗ ನೃತ್ಯದಲ್ಲೂ ತರಗತಿಗೇ ಮೊದಲಿಗ. ಹಲ್ಲು, ಬೂಟು ಎರಡೂ ಫಳಫಳ.

ವಿಜಯಲಕ್ಷ್ಮೀ ಮನೆಗೆ ಬಂದವಳೇ ಉತ್ತರಪತ್ರಿಕೆಯ ಕಟ್ಟನ್ನು ಮೇಜಿನ ಮೇಲಿಟ್ಟು, ದನಿ ಏರಿಸದೆ ಹೇಳಿದಳು: “ಐತ್ವಾರ ಮಂದಿ ಮುಂದ ನಿಮ್ಮ ತಪ್ಪು ಬೂಟಿನ ಮ್ಯಾಲ ಹಾಕಿದ್ರೋ, ನಾ ಸತೀಶಕುಮಾರ ಡಾಕ್ಟರ ಕೂಡ ಕುಣೀತೀನಿ. ನೀವೂ ನಿಮ್ಮ ಬೂಟೂ ಕುರ್ಚಿ ಮ್ಯಾಲ ಕೂತು ನೋಡ್ರಿ.”

ತಾನು ಕುಣಿಯುವುದು ಸಿದ್ದರಾಮನಿಗೆ ಅಷ್ಟೇನೂ ಮುಖ್ಯವಾಗಿರಲಿಲ್ಲ. ತನ್ನ ಹೆಂಡತಿ ಸತೀಶಕುಮಾರನ ಹೆಗಲ ಮೇಲೆ ಕೈಯಿಟ್ಟು, ತಾಳಕ್ಕೆ ಸರಿಯಾಗಿ ತಿರುಗುವುದನ್ನು ಮತ್ತೆ ಹಿಂದಿನ ಬೆಂಚಿನವನಾಗಿ ಕುಳಿತು ನೋಡುವುದು ಮಾತ್ರ ಈ ಜನ್ಮದಲ್ಲಿ ಸಾಧ್ಯವಿರಲಿಲ್ಲ. ಬೂಟಿನ ಜೀರ್ಣೋದ್ಧಾರ ಆಗಲೇಬೇಕಿತ್ತು.

ಸೊಲ್ಲಾಪುರ ರಸ್ತೆಯ ದೊಡ್ಡ ಅಂಗಡಿಯವರು ತಳವನ್ನು ಬೆರಳಿನಿಂದ ಮುಟ್ಟಿ ನೋಡಿ, ಗಟ್ಟಿ ರಬ್ಬರು ಹಾಕಿಕೊಡುತ್ತೇವೆ, ಹತ್ತು ವರ್ಷ ಜಾರುವುದಿಲ್ಲ ಎಂದು ಆಶ್ವಾಸನೆ ಕೊಟ್ಟರು. ಜಾರಬೇಕೆಂದೇ ಇವನ್ನು ಹಾಕಿಕೊಳ್ಳುವುದು ಎಂದು ಸಿದ್ದರಾಮ ವಿವರಿಸಿದಾಗ, ಅವರು ಗಿರಾಕಿಯ ಮುಖವನ್ನೊಮ್ಮೆ ನೋಡಿ ಬೂಟನ್ನು ಮರಳಿಸಿದರು. ಕೊನೆಗೆ ಯಾರೋ ಇಬ್ರಾಹಿಂಪುರದ ಕಡೆಗೆ ಕೈ ತೋರಿಸಿದರು. ಅಲ್ಲಿ ರೈಲು ಹಳಿಯ ಸಮೀಪ, ಬೇವಿನ ಗಿಡದ ಕೆಳಗೆ ಅಂಬಾದಾಸನ ಅಂಗಡಿ. ಅರವತ್ತೈದರ ವಯಸ್ಸು, ಬೆಳ್ಳಗಿನ ಮೀಸೆ, ಕೈಗೆ ಬಂದ ಚಪ್ಪಲಿಯನ್ನು ನಾಡಿ ಹಿಡಿದಂತೆ ಹಿಡಿಯುವ ಗಾಂಭೀರ್ಯ.

ಅಂಬಾದಾಸ ಎಡಬೂಟಿನ ರಂಧ್ರದಲ್ಲಿ ಹೆಬ್ಬೆರಳು ತೂರಿಸಿ, ಬೂಟನ್ನು ಬೆಳಕಿಗೆ ತಿರುಗಿಸಿ ನೋಡಿದ.

“ಇವನ್ನ ಹಾಕ್ಕೊಂಡು ಎಲ್ಲಿ ಅಡ್ಡಾಡ್ತೀರಿ, ಸಾಹೇಬ್ರ?”

“ಎಲ್ಲೂ ಅಡ್ಡಾಡೂದಿಲ್ಲ, ಕಾಕಾ. ಇವು ನೆಲಕ್ಕ ತಾಗಬಾರದು.”

“ನೆಲಕ್ಕ ತಾಗದ ಇಷ್ಟು ಸವದಾವು. ತಾಗಿದ್ರ ಏನಾಗತಿದ್ವೋ,” ಎಂದು ಅಂಬಾದಾಸ ನಿಟ್ಟುಸಿರು ಬಿಟ್ಟ.

ಸಿದ್ದರಾಮ ಬೇಡಿಕೆಗಳನ್ನು ಮಂಡಿಸಿದ. ತಳ ನುಣ್ಣಗಿರಬೇಕು, ಆದರೆ ಪೂರ್ತಿ ನುಣ್ಣಗಿರಬಾರದು. ಜಾರಬೇಕು, ಆದರೆ ಬೀಳಿಸಬಾರದು. ಮೆತ್ತಗಿರಬೇಕು, ಬಾಳಿಕೆಯೂ ಬರಬೇಕು. (ಇದು ಅಟ್ಟೆಯ ವಿವರವೋ ವರಾನ್ವೇಷಣೆಯ ಜಾಹೀರಾತೋ ಎಂಬ ಸಂದೇಹ ಯಾರಿಗಾದರೂ ಬರಬಹುದಿತ್ತು.) ಅಂಬಾದಾಸನಿಗೆ ಬರಲಿಲ್ಲ. ಅವನು ಹಿಂದಿನ ಪೆಟ್ಟಿಗೆಯಿಂದ ಕುರಿಯ ತೊಗಲೊಂದನ್ನು ಎಳೆದು, ಒಳಮಗ್ಗಲನ್ನು ಮೇಲೆ ಮಾಡಿ ಸಿದ್ದರಾಮನ ಅಂಗೈಗೆ ಒರೆಸಿದ. ಅದೇ ಮಖಮಲ್ಲು! ಪುಣೆಯಿಂದ ಬಂದದ್ದು ಬಬಲೇಶ್ವರದ ಕುರಿಯ ಒಳಮೈಯಲ್ಲಿ ಮೊದಲಿನಿಂದಲೂ ಇತ್ತು.

ಮಾತಿಗೆ ಮಾತು ಬೆಳೆದು ಊರಿನ ವಿಚಾರ ಬಂತು. ಜೈನಾಪುರ ಎಂಬ ಹೆಸರು ಕೇಳಿದ್ದೇ ಅಂಬಾದಾಸನ ಕೈ ನಿಂತಿತು.

“ಶಂಕ್ರೆಪ್ಪನವರ ಮಗಾ ಏನ್ರಿ ನೀವು? ಮೂಗು ನೋಡಿದ ಕೂಡ್ಲೆ ಅನ್ಕೊಂಡೆ. ನಿಮ್ಮಪ್ಪಾರಿಗೆ ಕಾಲ್ಮರಿ ಮಾಡಿ ಕೊಡ್ತಿದ್ದಾಂವ ನಮ್ಮಪ್ಪ. ಅವರು ಊರ ಅಗಸಿಗೆ ಬಂದ್ರ ಓಣಿಗೆಲ್ಲಾ ಗೊತ್ತಾಗತಿತ್ತು. ಕಟ್ಟಿ ಮ್ಯಾಲ ಕೂತ ಮಂದಿ ಎದ್ದು ನಿಲ್ಲತಿದ್ರು.”

ತಂದೆಯ ಗತವೈಭವದ ಪ್ರಸ್ತಾಪದಿಂದ ಸಿದ್ದರಾಮನ ಬೆನ್ನು ನೆಟ್ಟಗಾಯಿತು. ಈ ಬೂಟು ಯಾವ ಸಭೆಗೆ, ಎಷ್ಟು ಜನರ ಮುಂದೆ ಎಂಬುದನ್ನು ಸ್ವಲ್ಪ ಹಿಗ್ಗಿಸಿಯೇ ಹೇಳಿದ. ಅಂಬಾದಾಸ ಎಲ್ಲವನ್ನೂ ಕೇಳಿ, ಅಂಥವರ ಮಗ ಜನರ ಮುಂದೆ ಹಾಕುವ ಬೂಟಿಗೆ ಬರೀ ಅಟ್ಟೆ ಬಡಿದು ಕೊಟ್ಟರೆ ತನ್ನಪ್ಪನ ಆತ್ಮ ಒಪ್ಪಲಾರದೆಂದೂ, ಐತವಾರ ಮಧ್ಯಾಹ್ನ ಬರಬೇಕೆಂದೂ ಹೇಳಿ ಕಳಿಸಿದ.

ಐತವಾರ ಬೂಟು ಸಿದ್ಧವಾಗಿದ್ದವು. ಹೊಲಿಗೆಯಲ್ಲಿ ಒಂದು ದಾರ ಆಚೀಚೆ ಇರಲಿಲ್ಲ. ಅಂಬಾದಾಸ ಗೋಣಿಚೀಲ ಹಾಸಿ, ಹಾಕಿಕೊಂಡು ನಾಲ್ಕು ಹೆಜ್ಜೆ ನಡೆದು ನೋಡಲು ಹೇಳಿದ. ಸಿದ್ದರಾಮ ಗಾಬರಿಯಿಂದ ಬೂಟನ್ನು ಎದೆಗವಚಿಕೊಂಡ. ಹೊಸ ತಳಕ್ಕೆ ರಸ್ತೆಯ ಧೂಳು ತಾಗುವುದೆಂದರೆ ಸೂಚನಾಪತ್ರದ ಉಲ್ಲಂಘನೆ. ಎರಡು ಸಲ ಹೇಳಿಯೂ ಕೇಳದ ಗಿರಾಕಿಗೆ ಅಂಬಾದಾಸ ಬೂಟನ್ನು ಪತ್ರಿಕೆಯಲ್ಲಿ ಸುತ್ತಿ ಕೊಟ್ಟ. ಅವನ ಮೀಸೆಯ ಮರೆಯಲ್ಲಿ ಒಂದು ತೃಪ್ತಿಯ ನಗೆಯಿತ್ತು.

ಸಂಜೆ ಕಲ್ಯಾಣ ಮಂಟಪ ತುಂಬಿತ್ತು. ಮುಂದಿನ ಸಾಲಿನಲ್ಲಿ ಗುರುಬಸವ್ವ, ಅವಳ ಪಕ್ಕದಲ್ಲಿ ಪೇರಲ ಹಣ್ಣಿನ ಮಹಾದೇವ, ಎರಡು ಕುರ್ಚಿ ಆಚೆ ಸತೀಶಕುಮಾರ. ಕರೆದರೆ ಏಳಲು ಅನುಕೂಲವಾಗುವಂತೆ ಅವನು ಕುರ್ಚಿಯ ತುದಿಯಲ್ಲೇ ಕುಳಿತಿದ್ದ. ನಾಲ್ಕು ಜೋಡಿಗಳು ಬಂದು ತಿರುಗಿ ಹೋದವು. ಐದನೆಯದಾಗಿ ಸುರೈಯಾ ಇವರ ಹೆಸರು ಕೂಗಿದಳು. ಸಿದ್ದರಾಮ ರಂಗದ ಅಂಚಿನಲ್ಲಿ ಬೂಟು ತೊಟ್ಟು, ಲಾಡಿ ಬಿಗಿದು, ವಿಜಯಲಕ್ಷ್ಮಿಯ ಕೈ ಹಿಡಿದ. ಪಿಯಾನೋದ ಮೆಲ್ಲನೆಯ ವಾದನ ಶುರುವಾಯಿತು. ಅವನು ಎಡಗಾಲನ್ನು ಮುಂದಿಟ್ಟ.

ಜೀರ್.

ವಿಜಯಲಕ್ಷ್ಮಿಯ ಹುಬ್ಬು ಮೇಲೇರಿತು. ಅವನು ಬಲಗಾಲಿಟ್ಟ. ಜೀರ್ರ್. ಪಾದ ಜೋಡಿಸಿದ. ಜೀ-ರ್. ಎಡಗಾಲಿನದು ತುಸು ಮಂದ್ರ, ಬಲಗಾಲಿನದು ತಾರ. ಸಭಿಕರು ತಲೆಯೆತ್ತಿ ಫ್ಯಾನುಗಳನ್ನು ನೋಡಿದರು. ಧ್ವನಿವರ್ಧಕದವನು ದೋಷ ತನ್ನ ಯಂತ್ರದಲ್ಲಿದೆಯೆಂದು ಗಾಬರಿಗೊಂಡು ವಾದನವನ್ನು ಅರ್ಧಕ್ಕೆ ಇಳಿಸಿದ. ಆಗಂತೂ ಮಂಟಪದ ಮೂಲೆಮೂಲೆಯೂ ಸಿದ್ದರಾಮನ ಪಾದಗಳ ಪ್ರವಚನವನ್ನು ನಿರಾತಂಕವಾಗಿ ಕೇಳತೊಡಗಿತು. ಅವನು ತುದಿಗಾಲಿನಲ್ಲಿ ಹೆಜ್ಜೆಯಿಟ್ಟ. ಸಪ್ಪಳ ಇನ್ನೂ ತೀಕ್ಷ್ಣವಾಯಿತು. ಹಿಮ್ಮಡಿ ಊರಿದ, ಅದು ಇನ್ನೂ ದೀರ್ಘವಾಯಿತು.

ತಿರುವಿನಲ್ಲಿ ಅವನ ಕಣ್ಣು ಅವ್ವನ ಮೇಲೆ ಬಿತ್ತು. ಗುರುಬಸವ್ವ ನೆಟ್ಟಗೆ ಕುಳಿತಿದ್ದಳು. ಅವಳ ಬಲಗೈ ತನಗೆ ತಾನೇ ಎದ್ದು ಸೆರಗನ್ನು ತಲೆಯ ಮೇಲೆ ಎಳೆದುಕೊಂಡಿತ್ತು. ಸಿದ್ದರಾಮನಿಗೆ ಆಗ ಹೊಳೆಯಿತು. ಈ ಸಪ್ಪಳವನ್ನು ಅವನು ಬಲ್ಲ. ಅಪ್ಪನ ಜೀರಕಿ ಕಾಲ್ಮರಿ! ಎರಡು ಪದರು ತೊಗಲಿನ ನಡುವೆ ಒಂದು ಒಣ ತುಂಡು ಸೇರಿಸಿ, ತೂಕ ಬಿದ್ದಾಗ ಜೀರುಗುಡುವಂತೆ ಮಾಡುವ ಆ ವಿದ್ಯೆ ಹಿಂದಿನ ಹಿರಿಯರ ಘನತೆಯ ಕುರುಹು. ಶಂಕ್ರೆಪ್ಪನವರ ಮಗ ಸದ್ದಿಲ್ಲದೆ ಸಭೆ ಪ್ರವೇಶಿಸುವುದು ಸಲ್ಲದೆಂದು ಅಂಬಾದಾಸ ಪ್ರೀತಿಯಿಂದ, ಕೇಳದೆಯೇ, ಎರಡೂ ಕಾಲಿಗೆ ಜೀರಕಿ ಹಚ್ಚಿದ್ದ.

ಆದರೆ ನಿಜವಾದ ಅನಾಹುತ ಇನ್ನೂ ಮುಂದಿತ್ತು. ವಿಜಯಲಕ್ಷ್ಮಿಯ ಮುಖದಲ್ಲಿ ಒಂದು ಕಠಿಣ ಲೆಕ್ಕ ಬಿಡಿಸಿದವರ ಕಾಂತಿ ಮೂಡಿತು. ಅವಳು ಅವನ ಕಿವಿಯ ಬಳಿ ಬಾಗಿ ಹೇಳಿದಳು: “ಕೇಳ್ರಿ ಸ್ವಲ್ಪ. ಪಿಯಾನೋ ಒಂದ್ ಅಂದ ಮ್ಯಾಲ ನಿಮ್ಮ ಬೂಟು ಒಂದ್ ಅಂತಾವ.”

ಸಿದ್ದರಾಮ ಕೇಳಿದ. ಪಿಯಾನೋ, ಆಮೇಲೆ ಜೀರ್. ಪಿಯಾನೋ, ಆಮೇಲೆ ಜೀರ್. ಒಂದು ಸಲವಲ್ಲ, ಎರಡು ಸಲವಲ್ಲ, ಕಟ್ಟುನಿಟ್ಟಾಗಿ ಅರ್ಧ ಮಾತ್ರೆ ಹಿಂದೆ. ನಾಲ್ಕು ತಿಂಗಳಿನ ವ್ಯಾಜ್ಯ ಇನ್ನೂರು ಸಾಕ್ಷಿಗಳ ಎದುರಿನಲ್ಲಿ, ಪ್ರತಿವಾದಿಯ ಸ್ವಂತ ಪಾದಗಳ ಹೇಳಿಕೆಯ ಮೇರೆಗೆ, ಅವನ ವಿರುದ್ಧ ತೀರ್ಮಾನವಾಯಿತು. ಅವಳಿಗೆ ನಗು ಉಕ್ಕಿತು, ಹೆಗಲು ಕುಲುಕತೊಡಗಿದವು. ಅತ್ತ ಸತೀಶಕುಮಾರ ಕುರ್ಚಿಯಿಂದ ಇನ್ನೂ ಎರಡು ಅಂಗುಲ ಮುಂದೆ ಸರಿದ.

ಅದನ್ನು ಕಂಡು ಸಿದ್ದರಾಮನಿಗೆ ಒಂದು ಮೊಂಡು ಧೈರ್ಯ ಬಂತು. ಕಾಲು ಎಲ್ಲಿ ಬೀಳುತ್ತಿದೆ ಎಂಬುದನ್ನು ಅವನು ಜೀವಮಾನದಲ್ಲಿ ಮೊದಲ ಸಲ ಕಿವಿಯಿಂದ ಅಳೆದ. ಮುಕ್ಕಾಲು ಮಾತ್ರೆ ಮುಂದೆ ಇಟ್ಟ. ಅವಸರವಾಯಿತು. ಕಾಲು ಮಾತ್ರೆ ಹಿಂದೆ ಸರಿಸಿದ. ಜೀರ್! ಪಿಯಾನೋದ ಒಂದಕ್ಕೂ ಅವನ ಒಂದಕ್ಕೂ ನಡುವೆ ಕೂದಲು ತೂರಿಸಲು ಜಾಗವಿರಲಿಲ್ಲ. ಸರಹದ್ದು ಸಿಕ್ಕಿತ್ತು. ಗುರುಬಸವ್ವ ಮೊಣಕಾಲಿನ ಮೇಲೆ ತಾಳ ಹಾಕಿದಳು, ಮಹಾದೇವ ಸೇರಿದ, ಸಾಲಿನಿಂದ ಸಾಲಿಗೆ ಚಪ್ಪಾಳೆ ಹಬ್ಬಿತು. ಜೀರ್-ಜೀರ್-ಜೀರ್ ಎಂದು ಗಂಡ ಹೆಂಡತಿ ಬುಗುರಿಗಳಂತೆ ರಂಗದ ಉದ್ದಗಲಕ್ಕೂ ತಿರುಗಿದರು. ಸುರೈಯಾ ಕಣ್ಣೊರೆಸಿಕೊಳ್ಳುತ್ತ (ನಕ್ಕು ನಕ್ಕು) ವಾದನವನ್ನೇ ನಿಲ್ಲಿಸಲು ಸನ್ನೆ ಮಾಡಿದಳು. ಕೊನೆಯ ಸುತ್ತು ಬರೀ ಬೂಟಿನ ಹಿಮ್ಮೇಳದಲ್ಲಿ ನಡೆಯಿತು.

ಇಳಿದು ಬಂದಾಗ ಸತೀಶಕುಮಾರ ಕೈ ಕುಲುಕಿ, ಆ ಚಮ್ಮಾರನ ಅಂಗಡಿ ಎಲ್ಲಿದೆಯೆಂದು ತಗ್ಗಿದ ದನಿಯಲ್ಲಿ ವಿಚಾರಿಸಿದ. ಏಳನೆಯ ಇಯತ್ತೆಯಿಂದ ಕಾದಿದ್ದ ಆ ಎರಡು ಅಂಕ ಸಿದ್ದರಾಮನ ಖಾತೆಗೆ ಅಂದು ಜಮಾ ಆದವು. ವಿಜಯಲಕ್ಷ್ಮೀ ದಾರಿಯುದ್ದಕ್ಕೂ ಅವನ ತೋಳು ಬಿಡದೆ, ಇನ್ನು ಸಪ್ಪಳವಿಲ್ಲದವರ ಜೊತೆ ತನಗೆ ಕುಣಿಯಲಾಗದೆಂದು ಹೇಳಿದಳು. ಜೀರಕಿಯನ್ನು ತೆಗೆಸಕೂಡದೆಂದೂ ಅಪ್ಪಣೆಯಾಯಿತು. ಅವನು ನೆಲ ಮುಟ್ಟದೆ ನಡೆದ.

ಮನೆ ಬಂತು. ಕಾನೂನಿನಂತೆ ಚಪ್ಪಲಿ ಬಿಟ್ಟು, ಬೂಟಿನ ಚೀಲವನ್ನು ಹೊಸ್ತಿಲ ಹೊರಗೆ ಇಡಲು ಬಗ್ಗಿದಾಗ ಗುರುಬಸವ್ವ ತಡೆದಳು.

“ಹೊರಗ ಯಾಕ ಇಡಾಕತ್ತೀ, ಯಪ್ಪಾ? ತಗದು ಹಾಕ್ಕೊ, ಒಳಗ ಬಾ. ಹೊರಗಿನ ಧೂಳ ಮುಟ್ಟದ ಕಾಲ್ಮರಿಗೆ ಮೈಲಿಗಿ ಎಲ್ಲಿಂದ ಬಂತು?”

ತನ್ನದೇ ತರ್ಕ ಅವ್ವನ ಬಾಯಲ್ಲಿ! ಅಪ್ಪನ ನೆನಪು ಅವ್ವನ ಶಾಸನವನ್ನೇ ಕರಗಿಸಿತಲ್ಲ ಎಂದು ಸಿದ್ದರಾಮ ಅಂದುಕೊಂಡ. ಇನ್ನು ಮಾಳಿಗೆಯ ಸಿಮೆಂಟು ಬೇಡ, ದಿನವೂ ಸಂಜೆ ಆರರಿಂದ ಎಂಟರವರೆಗೆ ಮನೆಯೊಳಗೇ ಬೂಟು ತೊಟ್ಟು ಅಡ್ಡಾಡಿ ಅಭ್ಯಾಸ ಮಾಡಬೇಕೆಂದು ವಿಜಯಲಕ್ಷ್ಮೀ ಸೂಚಿಸಿದಾಗ, ಆಧುನಿಕತೆಯ ಈ ದಿಗ್ವಿಜಯಕ್ಕೆ ಸಂತೋಷದಿಂದ ತಲೆಬಾಗಿದ. ಅತ್ತೆ ಸೊಸೆ ಪರಸ್ಪರ ನೋಡಿಕೊಂಡದ್ದನ್ನು ಅವನು ಗಮನಿಸಲಿಲ್ಲ.

ಮಂಗಳವಾರ ಸಂಜೆ ಆರೂವರೆ. ಅವ್ವ ಪಡಸಾಲೆಯಲ್ಲಿ ಬತ್ತಿ ಹೊಸೆಯುತ್ತಿದ್ದಳು. ಹೆಂಡತಿ ಒಳಕೋಣೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದಳು. ಸಿದ್ದರಾಮ ಅಭ್ಯಾಸದ ನೆಪದಲ್ಲಿ ಒಂದು ಸುತ್ತು ಬಂದು, ಎರಡನೆಯ ಸುತ್ತಿನಲ್ಲಿ ಎಂದಿನಂತೆ ಅಡುಗೆಮನೆಯ ಕಡೆಗೆ ತಿರುಗಿದ. ಜೀರ್. ಗೋಡೆಯ ಮಾಡದಲ್ಲಿ ಹಿತ್ತಾಳೆಯ ಡಬ್ಬಿ, ಡಬ್ಬಿಯಲ್ಲಿ ಬಂದವರಿಗೆಂದು ಮಾಡಿಟ್ಟ ಶೇಂಗಾ ಹೋಳಿಗೆ. ಜೀರ್. ಮುಚ್ಚಳ ಸದ್ದಿಲ್ಲದೆ ತೆರೆದ. ಈ ಕಲೆಯಲ್ಲಿ ಅವನಿಗೆ ಸಾಟಿಯಿರಲಿಲ್ಲ.

“ಸಿದ್ದೂ, ಡಬ್ಬಿ ಮುಚ್ಚು,” ಎಂದಿತು ಪಡಸಾಲೆಯ ದನಿ.

ಸಿದ್ದರಾಮ ಕಲ್ಲಾದ. ಗುರುಬಸವ್ವ ಬತ್ತಿಯಿಂದ ತಲೆಯೆತ್ತದೆ, ಹಳೆಯ ಕತೆ ಹೇಳುವವಳಂತೆ ಮುಂದುವರಿಸಿದಳು: “ನಿಮ್ಮಪ್ಪನೂ ಹಿಂಗ. ಹೊಲಕ್ಕ ಹೋಗ್ತೀನಂತ ಹೇಳಿ ಭಜಿ ತಿನ್ನಾಕ ಹೋಟೆಲಿಗೆ ಹೊಳ್ಳತಿದ್ದ. ಸಪ್ಪಳ ಎಡಕ್ಕ ಹೋತೋ ಬಲಕ್ಕ ಹೋತೋ, ಒಲಿ ಮುಂದ ಕೂತ ಕೇಳತಿದ್ದೆ. ಮಂದಿ ಅದನ್ನ ದೌಲತ್ತಂತ ತಿಳಕೊಂಡ್ರು. ಜೀರಕಿ ಹಚ್ಚಿ ಕೊಡಂತ ಅಂಬಾದಾಸನ ಅಪ್ಪಗ ಹೇಳಿ ಕಳಸಿದಾಕಿ ನಾನ.”

ಓಣಿಯ ಜನ ಎದ್ದು ನಿಲ್ಲುತ್ತಿದ್ದ ಆ ಗತವೈಭವ ಸಿದ್ದರಾಮನ ಕಣ್ಣೆದುರಿನಲ್ಲೇ ಕುಸಿದು, ಒಂದು ತಟ್ಟೆ ಭಜಿಯಾಯಿತು. ಆದರೂ ಅವನು ಸೋಲೊಪ್ಪಲಿಲ್ಲ. ಉಸಿರು ಹಿಡಿದು, ಒಂದು ಕೈಯಲ್ಲಿ ಹೋಳಿಗೆ ಹಿಡಿದುಕೊಂಡೇ ನಿಧಾನವಾಗಿ ಬಗ್ಗಿ, ಇನ್ನೊಂದು ಕೈಯಿಂದ ಎಡಬೂಟಿನ ರೇಷ್ಮೆಯ ಲಾಡಿಯನ್ನು ಎಳೆಎಳೆಯಾಗಿ ಸಡಿಲಿಸತೊಡಗಿದ. ಮನೆಯಲ್ಲಿ ಸೂಜಿ ಬಿದ್ದರೂ ಕೇಳುವಂಥ ಮೌನ ನೆಲೆಸಿತು.

ಒಳಕೋಣೆಯಲ್ಲಿ ಕೆಂಪು ಪೆನ್ನಿನ ಮುಚ್ಚಳ ಹಾಕಿದ ಸದ್ದಾಯಿತು. ಅದರ ಹಿಂದೆಯೇ ವಿಜಯಲಕ್ಷ್ಮಿಯ ದನಿ, ತಾಳಕ್ಕೆ ಸರಿಯಾಗಿ:

“ಅತ್ತೀ, ಸಪ್ಪಳ ನಿಂತೈತಿ ನೋಡ್ರಿ.”